ನೋಡುವುದಕ್ಕೊಂದು ಬೆಲೆ

ಪೋಲೀಸನ ಎದೆಯ ಮೇಲಿನ ಪುಟ್ಟ ಕ್ಯಾಮರಾ ಯಾರ ಸೊತ್ತು? ಅದನ್ನು ಕೊಂಡ ಹಣ ಪ್ರಜೆಯದು. ಅದು ಕಾಣುವುದೂ ಹೆಚ್ಚಾಗಿ ಪ್ರಜೆಯನ್ನೇ. ಹೀಗಿರುವಾಗ, ಅದು ಕಂಡುದನ್ನು ತಾನೂ ಕಾಣಬೇಕೆಂದರೆ ಪ್ರಜೆ ಮತ್ತೆ ಹಣ ತೆರಬೇಕೆ?

ಅಮೆರಿಕದ ಓಹಾಯೊ ರಾಜ್ಯ ತೆರಬೇಕಾದೀತೆಂದು ಹೇಳಿದೆ. 2025ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಮೈಕ್ ಡಿವೈನ್ ಸಹಿ ಮಾಡಿದ ಕಾನೂನಿನಂತೆ, ಪೋಲೀಸ್ ಇಲಾಖೆ ಒಂದು ಗಂಟೆಯ ಚಿತ್ರಕ್ಕೆ 75 ಡಾಲರಿನವರೆಗೆ, ಒಂದು ಕೋರಿಕೆಗೆ ಹೆಚ್ಚೆಂದರೆ 750 ಡಾಲರು ವಸೂಲು ಮಾಡಬಹುದು. ನಮ್ಮ ಲೆಕ್ಕದಲ್ಲಿ 60,000 ರೂಪಾಯಿಗೂ ಮೇಲಾಯಿತು.

ಇದರ ಪರವಾದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಚಿತ್ರವನ್ನು ಕೊಡುವ ಮುನ್ನ ನೌಕರನೊಬ್ಬ ಅದನ್ನು ಪೂರ್ತಿಯಾಗಿ ನೋಡಬೇಕು. ಕಾನೂನು ಮರೆಮಾಡಬೇಕೆಂದುದನ್ನೆಲ್ಲ ಮಸುಕುಗೊಳಿಸಬೇಕು. ಕೇಳುವವರೆಲ್ಲ ನೊಂದವರೇ ಎಂದೂ ಅಲ್ಲ. ಕುಡಿದು ಸಿಕ್ಕಿಬಿದ್ದವನ ಅವಮಾನವನ್ನು ಯೂಟ್ಯೂಬಿನಲ್ಲಿ ಮೆರೆಸಿ ಹಣ ಮಾಡುವವರೂ ಉಂಟು. ಇವರ ವ್ಯಾಪಾರಕ್ಕಾಗಿ ಊರಿನವರ ತೆರಿಗೆ ಏಕೆ ಸವೆಯಬೇಕು?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಶುಲ್ಕವೆಂಬ ದ್ವಾರಪಾಲಕನಿಗೆ ಬಂದವರ ಉದ್ದೇಶ ಕಾಣದು, ಜೇಬು ಮಾತ್ರ ಕಾಣುತ್ತದೆ. ವ್ಯಾಪಾರಿಯಾದವನು 750 ಡಾಲರನ್ನು ಜಾಹೀರಾತಿನಿಂದ ಮರಳಿ ಗಳಿಸಿಕೊಂಡಾನು. ಮಗನಿಗೆ ಪೆಟ್ಟು ಬಿದ್ದದ್ದು ಹೇಗೆಂದು ತಿಳಿಯಬಯಸುವ ಬಡ ತಾಯಿ ಎಲ್ಲಿಂದ ತಂದಾಳು? ತಡೆಯಬೇಕೆಂದುಕೊಂಡವನು ಒಳಗೆ ಹೋದ. ಅವಳು ಬಾಗಿಲಲ್ಲೇ ನಿಂತಳು.

ಹಾಗಾದರೆ ಉದ್ದೇಶವನ್ನೇ ಕೇಳಿಬಿಡೋಣವೆ? ಅದೂ ಅಪಾಯವೇ. ಯಾರ ಮೇಲೆ ದೂರೋ ಅವರ ಕೈಗೇ ಕಾರಣವನ್ನು ಒಪ್ಪುವ, ಬಿಡುವ ಅಧಿಕಾರ ಬಂದೀತು. ಈ ವಿಷಯದಲ್ಲಿ ನಮ್ಮ ದೇಶದ 2005ರ ಮಾಹಿತಿ ಹಕ್ಕು ಕಾಯಿದೆ ವಿವೇಕ ತೋರಿದೆ. ಅರ್ಜಿದಾರ ಕಾರಣ ಹೇಳಬೇಕಿಲ್ಲ. ಬಡತನದ ರೇಖೆಗಿಂತ ಕೆಳಗಿನವರು ಶುಲ್ಕ ಕೊಡಬೇಕಿಲ್ಲ. ಕೇಂದ್ರ ಸರಕಾರದ ಕಚೇರಿಗಳಲ್ಲಿ ಅರ್ಜಿಯ ಶುಲ್ಕ 10 ರೂಪಾಯಿ.

ಹಾಗೆಂದು ನಾವು ಬೀಗುವಂತಿಲ್ಲ. ಪ್ರತಿ ಠಾಣೆಯಲ್ಲೂ ಕ್ಯಾಮರಾ ಇರಬೇಕು, ಚಿತ್ರಗಳನ್ನು 18 ತಿಂಗಳು ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ವಿಧಿಸಿತು. ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮರಾಗಳ ಕೊರತೆಯ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇಲ್ಲದ ಚಿತ್ರವನ್ನು 10 ರೂಪಾಯಿಗೆ ಕೇಳಿ ಫಲವೇನು?

ನನಗೆ ತೋರುವ ದಾರಿ ಇದು. ಪೋಲೀಸರ ಕೈಗೆ ಸಿಕ್ಕಿದವನು ಚಿತ್ರವನ್ನು ಕೇಳಿದರೆ, ಅವನು ಅದರಲ್ಲಿ ಇರುವುದೇ ಸಾಕಷ್ಟು ಕಾರಣ. ಅವನಿಗೂ, ಅವನು ಉಳಿಯದಿದ್ದರೆ ಅವನ ಮನೆಯವರಿಗೂ ಅದು ಉಚಿತವಾಗಿ ದೊರೆಯಬೇಕು. ಉಳಿದವರಿಂದ ಹಿತಮಿತವಾದ ವೆಚ್ಚವನ್ನು ತೆಗೆದುಕೊಳ್ಳಲಿ. ಲಾಠಿಯ ಬೆಲೆಯನ್ನು ಪೆಟ್ಟು ತಿಂದವನಿಂದ ಯಾವ ಸರಕಾರವೂ ಕೇಳುವುದಿಲ್ಲ. ಅದು ರಾಜ್ಯದ ಖರ್ಚು. ಲಾಠಿ ಎತ್ತಿದ ಕೈಯನ್ನು ಅವನಿಗೆ ತೋರಿಸುವ ಖರ್ಚೂ ಅದೇ ಲೆಕ್ಕಕ್ಕೆ ಸೇರತಕ್ಕದ್ದು.