ಆ ಮನೆಯ ಕಾನೂನು

ನಾವೇ ಮಾಡಿಕೊಂಡ ಕಾನೂನಿಗೆ ತಲೆಬಾಗುವುದೇ ಸ್ವಾತಂತ್ರ್ಯ. ಸಾರ್ವಭೌಮ ಅಧಿಕಾರ ಅರಸನದಲ್ಲ, ಜನರದು ಎಂದು ರೂಸೋ 1762ರಲ್ಲಿ ತನ್ನ ‘ಸಾಮಾಜಿಕ ಒಪ್ಪಂದ’ದಲ್ಲಿ ವಾದಿಸಿದ. ಓದಿ ಮೈ ಜುಮ್ಮೆಂದಿತ್ತು. ಅದೇ ವರ್ಷ ಬಂದ ಅವನ ‘ಎಮಿಲ್’ ಓದುವಾಗ ಮಾತ್ರ ಪುಸ್ತಕ ಮಡಚಿಟ್ಟೆ. ಅದರಲ್ಲಿ ಬರುವ ಸೋಫಿ ಕಲಿಯಬೇಕಾದದ್ದು ಗಂಡನನ್ನು ಮೆಚ್ಚಿಸುವ ವಿದ್ಯೆಯಂತೆ!

ಅವನ ಸಂಗಾತಿ ತೆರೇಸಳ ಪಾಡು ಇನ್ನೂ ಕಷ್ಟದ್ದು. ಹುಟ್ಟಿದ ಐದು ಮಕ್ಕಳನ್ನೂ ಅವನು ಅನಾಥಾಲಯಕ್ಕೆ ಕಳಿಸಿದ. ಅವಳಿಗೆ ಮನಸ್ಸಿರಲಿಲ್ಲವೆಂದು ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಹಾಗಾದರೆ ಆ ಮನೆಯ ಕಾನೂನು ಮಾಡಿದವರು ಯಾರು?

ಹೀಗೆಂದು ರೂಸೋನನ್ನು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ಫ್ರಾನ್ಸಿನ ಒಲಾಂಪ್ ದ ಗೂಜ್ ಕೂಡ ಬಿಡಲಿಲ್ಲ. 1791ರಲ್ಲಿ ಆಕೆ ಹೆಣ್ಣಿನ ಹಕ್ಕುಗಳ ಘೋಷಣೆ ಬರೆದು, ಕೊನೆಗೆ ಗಂಡುಹೆಣ್ಣಿನ ನಡುವಿನ ‘ಸಾಮಾಜಿಕ ಒಪ್ಪಂದ’ದ ಕರಡೊಂದನ್ನೂ ಸೇರಿಸಿದಳು. ರೂಸೋನ ಮಾತನ್ನೇ ಹಿಡಿದು ಅಡುಗೆಮನೆಯವರೆಗೂ ತಂದಳು, ನೋಡಿ: ಆಸ್ತಿ ಇಬ್ಬರದೂ, ಒಪ್ಪಿಗೆಯೂ ಇಬ್ಬರದು.

ಎಂಥ ಸರ್ಕಾರ ಬೇಕೆಂದು ಜನರೇ ಮತ ಹಾಕಿ ಹೇಳಲಿ ಎಂದು 1793ರಲ್ಲಿ ಭಿತ್ತಿಪತ್ರ ಅಚ್ಚು ಹಾಕಿಸಿದಳು. ಅದೇ ಅಪರಾಧವಾಯಿತು. ಆ ನವೆಂಬರಿನಲ್ಲಿ ಜನರ ಹೆಸರಿನ ಗಣರಾಜ್ಯವೇ ಆಕೆಯ ತಲೆ ತೆಗೆಯಿತು. ಆ ಕಾನೂನು ಮಾಡಿದವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಫ್ರಾನ್ಸಿನ ಹೆಂಗಸರು ಮತಪೆಟ್ಟಿಗೆಯ ಮುಂದೆ ಸಾಲು ನಿಂತದ್ದು 1945ರಲ್ಲಿ.