ಕಡಲ ಮೇಲಿನ ನಿಕಾಹ್



ವಿಹಾರ ನೌಕೆಯಲ್ಲಿ, ನಡುಗಡಲಿನಲ್ಲಿ ವಿವಾಹವಾದರೆ ಅದು ಕಾನೂನಿನ ದೃಷ್ಟಿಯಲ್ಲಿ ಸಿಂಧುವೇ? ಯಾವ ಹಡಗಿನ ಕಪ್ತಾನನಾದರೂ ಮದುವೆ ಮಾಡಿಸಬಹುದೆಂಬುದು ತಪ್ಪು ತಿಳಿವಳಿಕೆ. ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಕಾನೂನು ಇಲ್ಲಿ ಮುಖ್ಯ. ಕುನಾರ್ಡ್ ಕಂಪೆನಿಯ ‘ಕ್ವೀನ್ ಮೇರಿ 2’ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನೋಂದಣಿಯಾಗಿದ್ದಾಗ ಅದರಲ್ಲಿ ಕಾನೂನುಬದ್ಧ ವಿವಾಹ ಸಾಧ್ಯವಿರಲಿಲ್ಲ. 2011ರಲ್ಲಿ ನೋಂದಣಿ ಬರ್ಮುಡಾಕ್ಕೆ ಬದಲಾಯಿತು. ಬಳಿಕ ಕಪ್ತಾನನಿಗೆ ಆ ಅಧಿಕಾರ ದೊರೆಯಿತು. ಹಡಗು ಅದೇ, ಕಡಲೂ ಅದೇ; ಬದಲಾದದ್ದು ದಾಖಲೆ ಮಾತ್ರ.

ಶರೀಅತ್ ನಿಕಾಹ್‌ಗೆ ಸ್ಥಳದ ಷರತ್ತು ವಿಧಿಸಿಲ್ಲ. ಈಜಾಬ್-ಖಬೂಲ್, ಸಾಕ್ಷಿಗಳು ಮುಂತಾದ ನಿಯಮಗಳು ಪಾಲನೆಯಾದರೆ ನೆಲವಾದರೇನು, ನೀರಾದರೇನು? ಹಾಗೆಂದು ದಾಖಲೆಯನ್ನು ಕಡೆಗಣಿಸಬಹುದೇ? ನಾಳೆ ಪತಿ ತೀರಿಕೊಂಡರೆ ಅಥವಾ ಕೈಬಿಟ್ಟರೆ, ತಾನು ಪತ್ನಿಯೆಂದು ಆಕೆ ಯಾವುದರಿಂದ ಸಾಬೀತುಪಡಿಸಬೇಕು? ಮಹ್ರ್, ಜೀವನಾಂಶ, ವಾರಸು ಹಕ್ಕು ಎಲ್ಲವೂ ಆ ಒಂದು ಕಾಗದಕ್ಕೆ ತಗಲಿಕೊಂಡಿರುತ್ತವೆ.

ಸಾಲವನ್ನೂ ಬರೆದಿಡಬೇಕೆಂದು ಸೂರಃ ಅಲ್‌ಬಕರದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಹಣಕ್ಕೇ ಇಷ್ಟು ಎಚ್ಚರವಿರುವಾಗ ಒಬ್ಬ ಹೆಣ್ಣಿನ ಬದುಕಿಗೆ ಬೇಡವೇ? ಹಡಗು ಹತ್ತುವ ಮೊದಲೇ ವಿಚಾರಿಸಿರಿ: ಪ್ರಮಾಣಪತ್ರ ಕೊಡುವವರು ಯಾರು? ನಮ್ಮ ದೇಶದಲ್ಲಿ ಅದಕ್ಕೆ ಮಾನ್ಯತೆಯಿದೆಯೇ? ಸಂಶಯವಿದ್ದರೆ ನೆಲದ ಮೇಲೆಯೇ ನೋಂದಣಿ ಮುಗಿಸಿರಿ.

ಹಕ್ಕುದಾರರ ಹಕ್ಕನ್ನು ಕಾಯುವ ಬುದ್ಧಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.