ಎಷ್ಟು ಸಿಕ್ಕಿತು ಎಂಬ ತಪ್ಪು ಪ್ರಶ್ನೆ

ನಮ್ಮ ಅಂಕಲಗಿ, ಗೋಕಾಕ, ಹುಕ್ಕೇರಿ ಕಡೆ ಯಾರಾದರೂ ಯೇಸುವಿನ ಪ್ರಾರ್ಥನೆಗೆ ಹೋಗತೊಡಗಿದರೆ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಬರುವುದು ಒಂದೇ ಮಾತು: ‘ಎಷ್ಟ್ ರೊಕ್ಕಾ ಕೊಟ್ಟಾರಂತ?’ ಅತ್ತ ಪ್ರಾರ್ಥನೆಗೆ ಕರೆಯುವವರಲ್ಲೂ ಕೆಲವರು ‘ಬರ್ರಿ, ಬ್ಯಾನಿ ಹೋಗತೈತಿ, ಸಾಲಾ ಹರೀತೈತಿ’ ಅನ್ನುತ್ತಾರೆ. ಇಬ್ಬರೂ ಪರಸ್ಪರ ಬೈದುಕೊಳ್ಳುತ್ತಾರೆ, ಆದರೆ ಒಳಗೆ ಒಪ್ಪಿಕೊಂಡದ್ದು ಒಂದೇ. ದೇವರನ್ನು ಹಿಡಿಯುವುದು ಲಾಭಕ್ಕೆ.

ನಾನು ಕ್ರೈಸ್ತನಲ್ಲ. ಆದರೂ ಒಬ್ಬ ಮನುಷ್ಯ ಕ್ರಿಸ್ತನನ್ನು ಏಕೆ ಆರಿಸಿಕೊಳ್ಳಬಹುದು, ಆರಿಸಿಕೊಂಡ ಮೇಲೆ ಬಿಡದೆ ಏಕೆ ಬದುಕಬಹುದು ಎಂಬುದನ್ನು ಈ ಲೆಕ್ಕದ ಆಚೆ ನಿಂತು ನೋಡಬೇಕೆನಿಸುತ್ತದೆ. ಅದಕ್ಕೆ ಮೊದಲು ಎರಡನ್ನು ಬಿಡಿಸಿಡಬೇಕು: ಒಳಹೊಕ್ಕ ಕಾರಣ ಬೇರೆ, ಒಳಗೆ ಉಳಿದ ಕಾರಣ ಬೇರೆ. ಸವದತ್ತಿಯ ಎಲ್ಲಮ್ಮನಿಗೆ ಹರಕೆ ಹೊತ್ತವನು ಕೆಲಸವಾದ ಮೇಲೆ ಹರಕೆ ತೀರಿಸಿ ಮನೆಗೆ ಬರುತ್ತಾನೆ. ಲಿಂಗದೀಕ್ಷೆ ಪಡೆದವನಿಗೆ ಹಾಗೆ ತೀರಿಸಿ ಬರುವ ದಿನವೇ ಇಲ್ಲ. ಜ್ವರ ಇಳಿಯಲೆಂದು ಪ್ರಾರ್ಥನೆಗೆ ಹೋದವನದು ಸದ್ಯಕ್ಕೆ ಹರಕೆಯೇ ಇರಬಹುದು. ಜ್ವರ ಮತ್ತೆ ಬಂದಾಗಲೂ ಅವನು ಅಲ್ಲೇ ಇದ್ದರೆ, ಅವನನ್ನು ಹಿಡಿದಿಟ್ಟದ್ದು ಜ್ವರವಲ್ಲ.

ಹರ್ಮನ್ ಆನಂದರಾವ್ ಕೌಂಡಿನ್ಯರ ಬಾಳನ್ನೇ ನೋಡಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ, ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಕಲಿತ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವರನ್ನು ಸೆಳೆದದ್ದು ಗುರುಗಳ ಪ್ರಭಾವವೋ, ಹರೆಯದ ಹುಮ್ಮಸ್ಸೋ, ಸತ್ಯದ ಹಸಿವೋ, ಯಾರು ಬಿಡಿಸಿ ಹೇಳಿಯಾರು? ಜಾತಿ ಹೋಯಿತು, ಮನೆ ಹೋಯಿತು. ಹೆಂಡತಿ ಲಕ್ಷ್ಮಿ ಜೊತೆಗೆ ಬರಲೇ ಇಲ್ಲ. (ಆ ಹೆಣ್ಣುಮಗಳಿಗಾದ ನಷ್ಟವನ್ನು ಮಿಶನ್ನಿನ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ.) ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು, 1893ರಲ್ಲಿ ತೀರಿಕೊಂಡರು. ಸುಮಾರು ಐವತ್ತು ವರ್ಷದ ಆ ನಡೆಯನ್ನು ಹರೆಯದ ಹುಮ್ಮಸ್ಸು ಅನ್ನಲಾಗದು.

ಮಂಗಳೂರಿನ ಕಥೋಲಿಕರದು ಇದಕ್ಕೆ ಉಲ್ಟಾ ಕಥೆ. ಅವರು ಯಾವುದನ್ನೂ ಆರಿಸಿಕೊಂಡವರಲ್ಲ, ಹುಟ್ಟಿದ ಮನೆಯ ಧರ್ಮ. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕುಳಿದವರು ಕರಾವಳಿಗೆ ಮರಳಿ ಮತ್ತೆ ಇಗರ್ಜಿ ಕಟ್ಟಿಕೊಂಡರು. ಬಿಡಬಹುದಾಗಿದ್ದ, ಬಿಟ್ಟರೆ ಸುಖವಿದ್ದ ಹೊತ್ತಿನಲ್ಲಿ ಹುಟ್ಟಿನಿಂದ ಬಂದದ್ದನ್ನು ಬಿಡದಿರುವುದೂ ಆಯ್ಕೆಯೇ.

ಈ ಎರಡು ಕಥೆ ಗೊತ್ತಿದ್ದವರಿಗೆ ಫ್ರಾನ್ಸಿನ ಪಾಸ್ಕಲ್ ಹಿಡಿಸುವುದು ಕಷ್ಟ. ಹದಿನೇಳನೇ ಶತಮಾನದ ಈ ದೊಡ್ಡ ಗಣಿತಜ್ಞ ಹೇಳಿದ್ದು ಇಷ್ಟು: ದೇವರಿದ್ದಾನೆ ಎಂದು ಪಣ ಕಟ್ಟು, ಗೆದ್ದರೆ ಎಲ್ಲವೂ ನಿನ್ನದು, ಸೋತರೆ ಹೋಗುವುದೇನಿಲ್ಲ. ನಮ್ಮೂರಿನ ಮಟಕಾ ಚೀಟಿ ಬರೆಯುವವನೂ ಇದನ್ನೇ ಹೇಳುತ್ತಾನೆ. ಕ್ರೈಸ್ತನಾದ ಎಂದು ಯಾರನ್ನೂ ಮನೆಯಿಂದ ಹೊರಹಾಕದ ದೇಶದಲ್ಲಿ ಕೂತು ‘ಹೋಗುವುದೇನಿಲ್ಲ’ ಅನ್ನುವುದು ಸುಲಭ. ಕೌಂಡಿನ್ಯರಿಗೆ ಹೋದದ್ದೆಷ್ಟು, ಸೆರೆಯಲ್ಲಿ ಸತ್ತವರಿಗೆ ಹೋದದ್ದೆಷ್ಟು! ಅಷ್ಟಕ್ಕೂ ಸ್ವರ್ಗದ ಆಸೆಯೇ ಕಾರಣವಾದರೆ ಸ್ವರ್ಗ ಕೊಡುವ ಯಾವ ದೇವರಾದರೂ ನಡೆಯುತ್ತದೆ, ಕ್ರಿಸ್ತನೇ ಏಕೆ? ನಂಬಿಕೆ ಬಾರದವನು ನಂಬಿದವರಂತೆ ಮೊದಲು ನಡೆಯಲಿ ಎಂದು ಅದೇ ಬರಹದಲ್ಲಿ ಪಾಸ್ಕಲ್ ಹೇಳುತ್ತಾನೆ. ಅಷ್ಟನ್ನು ಮಾತ್ರ ಒಪ್ಪುತ್ತೇನೆ.

ಕ್ರಿಸ್ತನೇ ಏಕೆ ಎಂಬುದಕ್ಕೆ ಉತ್ತರ ಶಿಲುಬೆಯಲ್ಲಿದೆ. ಲಾಭವೇ ಒರೆಗಲ್ಲಾಗಿದ್ದರೆ ಈ ಧರ್ಮ ಆ ಶುಕ್ರವಾರವೇ ಮುಗಿದುಹೋಗಬೇಕಿತ್ತು: ಗುರು ಕಳ್ಳರ ನಡುವೆ ಸತ್ತ, ಶಿಷ್ಯರು ಓಡಿಹೋದರು. ಸೋತವರ ಸಾಲಿನಲ್ಲಿ ದೇವರು ತಾನೇ ಬಂದು ನಿಂತ ಎನ್ನುವ ಈ ಕಥೆ, ಊರಿನ ಲೆಕ್ಕಕ್ಕೇ ಬಾರದವನ ಕಿವಿಗೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಕಟ್ಟೆಯ ಮೇಲಿನವರು ಒಮ್ಮೆ ಯೋಚಿಸಬೇಕು. ಯೋಗ್ಯತೆ ಬರುವ ಮೊದಲೇ ಪ್ರೀತಿ ಬಂದಿದೆ ಅನ್ನುತ್ತದೆ ಅದು. ಆ ಪ್ರೀತಿ ಸುಮ್ಮನೆ ಬಿಡುವುದೂ ಇಲ್ಲ. ಹಗೆಯನ್ನು ಕ್ಷಮಿಸು, ಎಲ್ಲರೊಡನೆ ಒಂದೇ ರೊಟ್ಟಿ ಮುರಿದು ತಿನ್ನು ಎಂದು ಜೀವಮಾನವಿಡೀ ಕೇಳುತ್ತದೆ. ನಮ್ಮ ದೇಶದ ಚರ್ಚುಗಳಲ್ಲೂ ಜಾತಿ ಹೊಕ್ಕಿದೆ, ಕೆಲವೆಡೆ ಸಮಾಧಿಯಲ್ಲೂ ಭೇದವಿದೆ. ಆದರೆ ಅದನ್ನು ಪಾಪ ಎಂದು ಖಂಡಿಸುವ ಮಾತು ಅದೇ ಚರ್ಚಿನ ಪುಸ್ತಕದೊಳಗಿದೆ. ಜಗಳವಾಡುತ್ತ ಒಳಗೇ ಉಳಿದ ಕ್ರೈಸ್ತರಿಗೆ ಉಳಿಯಲು ಅದೂ ಒಂದು ಕಾರಣ.

ಉಳಿಯುವುದೆಂದರೆ ಎಡವದೆ ನಡೆಯುವುದು ಎಂದುಕೊಳ್ಳಬೇಡಿ. ಯೇಸುವಿನ ಶಿಷ್ಯ ಪೇತ್ರ ಒಂದೇ ರಾತ್ರಿ ಮೂರು ಸಲ ‘ನಾನವನನ್ನು ಅರಿಯೆ’ ಎಂದ, ಆಮೇಲೆ ತಿರುಗಿ ಬಂದ. ಮೊದಲ ಮುಖಂಡನ ಈ ನಾಚಿಕೆಗೇಡನ್ನು ಸುವಾರ್ತೆಗಳು ನಾಲ್ಕೂ ಅಡಗಿಸದೆ ಬರೆದಿವೆ.

ಕಟ್ಟೆಯ ಮೇಲಿನ ಲಾಭದ ಲೆಕ್ಕ ಕಾನೂನಿನೊಳಗೂ ಹೊಕ್ಕಿತು. ಧರ್ಮ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ, 2021ರ ಡಿಸೆಂಬರಿನಲ್ಲಿ. ಉತ್ತಮ ಜೀವನಶೈಲಿಯ ಭರವಸೆಯನ್ನೂ ಅದು ಆಮಿಷದ ಪಟ್ಟಿಗೆ ಸೇರಿಸಿತ್ತು. 2022ರಲ್ಲಿ ಕಾಯ್ದೆಯಾಯಿತು, 2023ರ ಜೂನಿನಲ್ಲಿ ಹೊಸ ಸಂಪುಟ ಅದನ್ನು ಹಿಂದೆಗೆಯಲು ತೀರ್ಮಾನಿಸಿತು. ಮೋಸ, ಬಲವಂತ ತಡೆಯುವುದು ಸರ್ಕಾರದ ಕೆಲಸ, ಒಪ್ಪೋಣ. ಮನುಷ್ಯನೊಬ್ಬ ಏಕೆ ಉಳಿದ ಎಂಬುದನ್ನು ಅಳೆಯುವ ತಕ್ಕಡಿ ಯಾವ ಕಚೇರಿಯಲ್ಲೂ ಇಲ್ಲ.

ಹಾಗಾಗಿ ‘ಎಷ್ಟ್ ಕೊಟ್ಟಾರ’ ಎಂದು ಕೇಳುವವರು ಕಳೆದುಕೊಂಡದ್ದೆಷ್ಟು ಎಂದೂ ಒಮ್ಮೆ ಕೇಳಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ, ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಸಿಗುವುದಿಲ್ಲ.